ಹಬ್ಶಿ ಎಂಬ ಪದ ಮತ್ತು ಬೆಂಗಳೂರಿನ ಕೀನ್ಯಾ ಆಟಗಾರ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆ ಆಟವೆಂದರೆ ಮೊದಲು ಕುಸ್ತಿ, ಆಮೇಲೆ ಕಬಡ್ಡಿ ಮತ್ತು ಕ್ರಿಕೆಟ್. ಫುಟ್ಬಾಲ್‌ಗೆ ಇಲ್ಲಿ ದೊಡ್ಡ ಪರಂಪರೆಯಿಲ್ಲ. ಆದರೂ ಮೊಬೈಲಿನ ಕೃಪೆಯಿಂದ ಯುರೋಪಿನ ಕ್ಲಬ್‌ಗಳಲ್ಲಿ ಆಡುವ ಆಫ್ರಿಕಾದ ಆಟಗಾರರ ಹೆಸರುಗಳು ನಮ್ಮ ಮಕ್ಕಳಿಗೆ ಕಂಠಪಾಠವಾಗಿವೆ. ಈಜಿಪ್ಟಿನ ಮುಹಮ್ಮದ್ ಸಲಾಹ್ ಗೋಲು ಹೊಡೆದು ಮೈದಾನದಲ್ಲೇ ಸಜ್ದಾ ಮಾಡುವುದು, ಸೆನೆಗಲ್‌ನ ಸಾದಿಯೋ ಮಾನೆ ತನ್ನ ಹುಟ್ಟೂರು ಬಂಬಾಲಿಯಲ್ಲಿ ಆಸ್ಪತ್ರೆ ಕಟ್ಟಿಸಿದ್ದು ನಮ್ಮ ಮನೆಗಳಲ್ಲಿ ಅಭಿಮಾನದ ಮಾತುಗಳು. ಅದೇ ಮನೆಗಳಲ್ಲಿ ಮೈಬಣ್ಣ ಕಪ್ಪಾದ ಮಗುವನ್ನು ಹಂಗಿಸುವಾಗ 'ಹಬ್ಶಿ' ಎಂಬ ಪದವೂ ಸಲೀಸಾಗಿ ಬಾಯಿಗೆ ಬರುತ್ತದೆ. ಇವೆರಡೂ ಒಂದೇ ಸೂರಿನಡಿ ಹೇಗೆ ಬಾಳುತ್ತಿವೆ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಹಬಶಾ ಎಂದರೆ ಅಬಿಸೀನಿಯಾ, ಇಂದಿನ ಇಥಿಯೋಪಿಯಾದ ಸೀಮೆ. ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟ ನಜ್ಜಾಶಿ ದೊರೆಯ ನಾಡು ಅದು. ಹಝ್ರತ್ ಬಿಲಾಲ್(ರ) ಅವರ ಮೂಲವೂ ಅದೇ. ಮಕ್ಕಾ ವಿಜಯದ ದಿನ ಪ್ರವಾದಿವರ್ಯರು(ಸ) ಅವರನ್ನು ಕಅಬಾದ ಮೇಲೇರಿ ಅಝಾನ್ ನೀಡಲು ಹೇಳಿದಾಗ ಕುರೈಶರ ಕೆಲವರಿಗೆ ಅದು ಸಹಿಸಲಾಗಲಿಲ್ಲ ಎಂದು ಸೀರಾ ಗ್ರಂಥಗಳು ದಾಖಲಿಸಿವೆ. ಆ ಕೆಲವರ ಅಸಹನೆಗೆ ಕಾರಣ ಅಝಾನ್ ನೀಡಿದವರ ಬಣ್ಣವಾಗಿತ್ತು.

ನಮ್ಮ ಸೀಮೆಗೂ ಈ ಪದ ಹೊಸದಲ್ಲ. ನಾವು ಹೆಸರಿಸಿದ ಊರುಗಳು ಒಂದು ಕಾಲದಲ್ಲಿ ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದವು; ಮುಧೋಳದ ಘೋರ್ಪಡೆ ಮನೆತನ ಅದೇ ಆಸ್ಥಾನದ ಸರದಾರರಾಗಿತ್ತು. ಆ ಆಸ್ಥಾನದಲ್ಲಿ ಹಬ್ಶಿಗಳು ಸಿಪಾಯಿಗಳಾಗಿದ್ದರು, ಸೇನಾಪತಿಗಳಾಗಿದ್ದರು, ಮಂತ್ರಿಗಳೂ ಆಗಿದ್ದರು. ಎರಡನೆಯ ಇಬ್ರಾಹೀಮ್ ಆದಿಲ್‌ಶಾಹ್ ಬಾಲಕನಾಗಿದ್ದಾಗ 1582ರಿಂದ 1590ರವರೆಗೆ ರಾಜ್ಯಭಾರ ನಡೆಸಿದ ದಿಲಾವರ್ ಖಾನ್ ಹಬ್ಶಿ. ಮುಹಮ್ಮದ್ ಆದಿಲ್‌ಶಾಹನ ಕಾಲದ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಕೂಡ ಹಬ್ಶಿ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತು ಸಾಗುವ ಬಿಜಾಪುರ ಶೈಲಿಯ ಚಿತ್ರವೊಂದು ಇಂದಿಗೂ ಉಳಿದಿದೆ. ಅದರಲ್ಲಿ ಇಖ್ಲಾಸ್ ಖಾನನ ಕಪ್ಪು ಮುಖವನ್ನು ಚಿತ್ರಕಾರರು ಎಲ್ಲಿಯೂ ತಿಳಿಗೊಳಿಸಲು ಹೋಗಿಲ್ಲ.

ಇವರೆಲ್ಲರಿಗಿಂತ ಹೆಸರಾದವನು ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗುತ್ತ ಅಹ್ಮದ್‌ನಗರದ ಚಂಗೀಝ್ ಖಾನನ ಬಳಿಗೆ ಬಂದನು. ಕೊಂಡುಕೊಂಡ ಆ ಒಡೆಯನೂ ಹಬ್ಶಿಯೇ! ಒಡೆಯನ ಮರಣಾನಂತರ ಸ್ವತಂತ್ರನಾಗಿ ಕೆಲಕಾಲ ಬಿಜಾಪುರದ ಸೇವೆಯಲ್ಲಿದ್ದನು. ತನ್ನ ಸವಾರರನ್ನು ಸಾಕಲು ಅಲ್ಲಿನ ಸಂಪನ್ಮೂಲ ಸಾಲದೆ, ಅವರನ್ನು ಕಟ್ಟಿಕೊಂಡು ಮತ್ತೆ ಅಹ್ಮದ್‌ನಗರಕ್ಕೆ ಹೋದನು. 1624ರ ಭಾತವಡಿ ಯುದ್ಧದಲ್ಲಿ ಅವನು ಸೋಲಿಸಿದ್ದು ಮೊಗಲರನ್ನು ಮಾತ್ರವಲ್ಲ, ಅವರ ಜೊತೆಗೂಡಿದ್ದ ತನ್ನ ಹಳೆಯ ಬಿಜಾಪುರವನ್ನೂ. ಸಂಬಳ ಸಾಲದಿದ್ದರೆ ಪಾಳಯ ಬದಲಿಸುವುದು ಅಂದಿನ ಪರದೇಶಿ ಯೋಧನ ಬದುಕಾಗಿತ್ತು. ಇಂದಿನ ಪರದೇಶಿ ಫುಟ್ಬಾಲ್ ಆಟಗಾರನ ಬದುಕೂ ಬಹುಮಟ್ಟಿಗೆ ಅದೇ, ಕತ್ತಿಯ ಜಾಗದಲ್ಲಿ ಚೆಂಡು ಬಂದಿದೆ.

ಅಂಥ ಒಬ್ಬ ಆಟಗಾರ ನಮ್ಮ ರಾಜಧಾನಿಯಲ್ಲೂ ಆಡಿದ್ದಾರೆ. ಹೆಸರು ಕರ್ಟಿಸ್ ಒಸಾನೋ. 1987ರಲ್ಲಿ ಕೀನ್ಯಾದಲ್ಲಿ ಜನಿಸಿದ ಇವರು ಆಟ ಕಲಿತದ್ದು ಇಂಗ್ಲೆಂಡಿನ ರೆಡಿಂಗ್ ಕ್ಲಬ್ಬಿನಲ್ಲಿ. ಅಲ್ಲಿನ ಮೊದಲ ತಂಡದಲ್ಲಿ ನೆಲೆ ಸಿಗದೆ ಎರವಲು ಆಟಗಾರನಾಗಿ ಚಿಕ್ಕ ಕ್ಲಬ್‌ಗಳಿಗೆ ಹೋದರು. ಕೊನೆಗೆ ನೆಲೆ ನಿಂತದ್ದು ರಶ್ಡನ್ ಅಂಡ್ ಡೈಮಂಡ್ಸ್ ಎಂಬ ಕ್ಲಬ್ಬಿನಲ್ಲಿ. 2011ರಲ್ಲಿ ಆ ಕ್ಲಬ್ಬೇ ಸಾಲದಲ್ಲಿ ಮುಳುಗಿ ಮುಚ್ಚಿಹೋಯಿತು. ಕೈಮಗ್ಗ, ಪವರ್‌ಲೂಮ್ ನಿಂತು ಊರು ಬಿಟ್ಟವರನ್ನು ಕಂಡ ರಬಕವಿ-ಬನಹಟ್ಟಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲೂಟನ್ ಟೌನ್‌ನಲ್ಲಿ ಒಂದು ಋತು, ಎಎಫ್‌ಸಿ ವಿಂಬಲ್ಡನ್‌ನಲ್ಲಿ ಇನ್ನೊಂದು. ನಡುವೆ ಕೀನ್ಯಾದ ರಾಷ್ಟ್ರೀಯ ತಂಡದಲ್ಲೂ ಆಡಿದರು. 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿ ಕರೆಯಿತು, ಹೊರಟು ಬಂದರು.

ಇಪ್ಪತ್ತಾರರ ವಯಸ್ಸಿನಲ್ಲಿ, ಹೆಸರೇ ಕೇಳದ ಕ್ಲಬ್ಬಿಗೆ, ಗುರುತಿಲ್ಲದ ಊರಿಗೆ ಹೀಗೆ ಬರುವುದು ಸಣ್ಣ ನಿರ್ಧಾರವಲ್ಲ. ರಕ್ಷಣಾ ಆಟಗಾರನ ಕೆಲಸವೂ ಅಂಥದೇ: ಗೋಲು ಹೊಡೆದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ತಡೆದವನದು ವಿರಳ. ಹೊಸ ಕ್ಲಬ್ಬು ಮೊದಲ ವರ್ಷವೇ, 2014ರ ಏಪ್ರಿಲ್ ತಿಂಗಳಲ್ಲಿ, ಐ-ಲೀಗ್ ಗೆದ್ದು ದೇಶವನ್ನೇ ಬೆರಗುಗೊಳಿಸಿತು. 2015ರ ಜನವರಿಯಲ್ಲಿ ಫೆಡರೇಶನ್ ಕಪ್ ಕೂಡ ಬಂತು.

ಭಾರತಕ್ಕೆ ಬಂದ ಆಫ್ರಿಕಾದ ಆಟಗಾರರಲ್ಲಿ ಒಸಾನೋ ಮೊದಲಿಗರೇನಲ್ಲ. ಓದಲೆಂದು ಭಾರತಕ್ಕೆ ಬಂದಿದ್ದ ನೈಜೀರಿಯಾದ ಚೀಮಾ ಒಕೋರಿ 1985ರಲ್ಲಿ ಕೋಲ್ಕತಾದ ಮುಹಮ್ಮದನ್ ಸ್ಪೋರ್ಟಿಂಗ್ ಸೇರಿ, ಮುಂದೆ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡರಲ್ಲೂ ಮೆರೆದರು. ಅವರು ಹೋದ ದಾರಿ ಒಸಾನೋರದಕ್ಕೆ ತಿರುಗುಮುರುಗು. ಭಾರತದಲ್ಲಿ ಹೆಸರು ಮಾಡಿ ಆಮೇಲೆ ಇಂಗ್ಲೆಂಡಿನ ಕ್ಲಬ್‌ಗಳಿಗೆ ತೆರಳಿದರು. ಬೆಂಗಳೂರು ಕೂಡ ತನ್ನ ಮಕ್ಕಳನ್ನು ಹೊರಗೆ ಕಳುಹಿಸಿದ ಊರೇ. 1937ರ ರೋವರ್ಸ್ ಕಪ್ಪಿನಲ್ಲಿ ಮುಹಮ್ಮದನ್ ಸ್ಪೋರ್ಟಿಂಗನ್ನೇ ಸೋಲಿಸಿದ ಬೆಂಗಳೂರು ಮುಸ್ಲಿಮ್ಸ್ ತಂಡದ ಕೀರ್ತಿಯನ್ನು ಇಂದು ನೆನೆಯುವವರು ಕಡಿಮೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷ ಈಸ್ಟ್ ಬೆಂಗಾಲ್ ಸೇರಿದವರು ಅಲ್ಲಿಯವರೇ ಆಗಿಬಿಟ್ಟರು. 2017ರಲ್ಲಿ ನಿಧನರಾದದ್ದೂ ಕೋಲ್ಕತಾದಲ್ಲೇ. ಪರ ಊರಿನ ಆಟಗಾರನನ್ನು ಬಂಗಾಳಿಗಳು ಎಷ್ಟು ಹಚ್ಚಿಕೊಂಡರು ಎಂಬುದಕ್ಕೆ ನಮ್ಮವರೇ ಒಬ್ಬರು ಸಾಕ್ಷಿ.

2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಐ-ಲೀಗಿನ ಕೊನೆಯ ಪಂದ್ಯ. ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ, ಸಮವಾದರೂ ಮೋಹನ್ ಬಾಗಾನ್‌ಗೆ. ಮುಂದಿದ್ದದ್ದು ಬೆಂಗಳೂರು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಬಾಗಾನ್‌ನ ನೈಜೀರಿಯನ್ ಆಟಗಾರ ಬೆಲ್ಲೋ ರಝಾಕ್ ತಲೆಯಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ಪಂದ್ಯ 1-1. ಆಫ್ರಿಕಾದ ಒಬ್ಬ ಆಟಗಾರ ಬೆಂಗಳೂರಿನ ಕೈಗೆ ಬಂದ ಪ್ರಶಸ್ತಿಯನ್ನು ಕಸಿದುಕೊಂಡರು, ಕೋಲ್ಕತಾದ ಅಭಿಮಾನಿಗಳು ಅವರನ್ನು ಹೊತ್ತು ಮೆರೆಸುವಷ್ಟು ಪ್ರೀತಿಸಿದರು. ಮೈದಾನದಲ್ಲಿ ಆಟಗಾರ ಯಾರ ಅಂಗಿ ತೊಟ್ಟಿದ್ದಾನೋ ಅದೇ ಅವನ ಜಾತಿ, ಅದೇ ದೇಶ.

ಅಂಗಿಯಿಲ್ಲದವರ ಕಥೆ ಬೇರೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರಿಗೆ ಸಿಲುಕಿ ಮಹಿಳೆಯೊಬ್ಬರು ಮೃತಪಟ್ಟರು. ಆ ಜೀವಹಾನಿ ದುಃಖಕರವೇ; ಜನರ ಸಿಟ್ಟಿಗೂ ಕಾರಣವಿತ್ತು. ಆದರೆ ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ಇನ್ನೊಂದು ಕಾರನ್ನು ಗುಂಪು ತಡೆಯಿತು. ಅದರಲ್ಲಿದ್ದ ತಾಂಜಾನಿಯಾದ ವಿದ್ಯಾರ್ಥಿನಿಗೂ ಅಪಘಾತಕ್ಕೂ ಏನೂ ಸಂಬಂಧವಿರಲಿಲ್ಲ. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ! ಬಣ್ಣ ಒಂದೇ ಎಂಬುದಷ್ಟೇ ಗುಂಪಿಗೆ ಸಾಕಾಯಿತು. ಆಕೆಯನ್ನೂ ಜೊತೆಗಿದ್ದವರನ್ನೂ ಹೊಡೆದರು, ಕಾರಿಗೆ ಬೆಂಕಿ ಹಚ್ಚಿದರು. ಸುದ್ದಿ ದೇಶಾಂತರಗಳಲ್ಲಿ ಹಬ್ಬಿತು, ಬಂಧನಗಳೂ ನಡೆದವು.

ಅದಾಗಿ 77 ದಿನಗಳಿಗೆ, ಏಪ್ರಿಲ್ 17ರಂದು, ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು ಮಣಿಸಿ ಬೆಂಗಳೂರು ಎಫ್‌ಸಿ ಎರಡನೆಯ ಬಾರಿ ಐ-ಲೀಗ್ ಗೆದ್ದಿತು. ಕೀನ್ಯಾದ ಒಸಾನೋ ಆ ವರ್ಷದ ತಂಡದಲ್ಲಿದ್ದರು. ಕೀನ್ಯಾ ಮತ್ತು ತಾಂಜಾನಿಯಾ ಒಂದೇ ಗಡಿಯನ್ನು ಹಂಚಿಕೊಂಡ ನೆರೆನಾಡುಗಳು. ಆ ವರ್ಷವೇ ಅವರು ಬೆಂಗಳೂರು ಕ್ಲಬ್ಬನ್ನು ಬಿಟ್ಟು ಹೋದರು.

ನಮ್ಮ ನಡುವೆಯೇ ಹುಟ್ಟಿ ಬೆಳೆದ ಸಿದ್ದಿಗಳ ಮಾತೂ ಇಲ್ಲಿ ಬರಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ತಲೆಮಾರುಗಳಿಂದ ನೆಲೆಸಿದ ಇವರ ಪೂರ್ವಜರೂ ಆಫ್ರಿಕಾದವರು. ಇವರಲ್ಲಿ ಹಿಂದೂಗಳೂ ಕ್ರೈಸ್ತರೂ ಇರುವಂತೆ ಮುಸ್ಲಿಮರೂ ಇದ್ದಾರೆ. ಅವರೊಡನೆ ನಾವು ಒಂದೇ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಹೆಣ್ಣು ಕೊಡುವ, ತರುವ ಮಾತು ಬಂದಾಗ ನಮ್ಮಲ್ಲಿ ಎಷ್ಟು ಮನೆಗಳು ಆ ಕಡೆ ತಲೆ ಹಾಕುತ್ತವೆ?

ಬೆಂಗಳೂರಿಗೆ ಓದಲು ಬರುವ ಸುಡಾನ್, ಸೊಮಾಲಿಯಾ, ನೈಜೀರಿಯಾದ ಯುವಕರಲ್ಲಿ ಅನೇಕರು ಜುಮಾಕ್ಕೆ ನಮ್ಮ ಮಸೀದಿಗಳಿಗೇ ಬರುತ್ತಾರೆ. ಸಲಾಮ್ ಹೇಳಿದ ಬಳಿಕ ಅವರು ಕೇಳುವುದು ಬಹಳವಾಗಿ ಒಂದೇ ಪ್ರಶ್ನೆ: ಇಲ್ಲಿ ಎಲ್ಲಾದರೂ ಬಾಡಿಗೆಗೆ ಮನೆ ಸಿಕ್ಕೀತೇ? ಅದಕ್ಕೆ ಏನು ಉತ್ತರ ಸಿಗುತ್ತದೆ ಎಂಬುದನ್ನು ಅಲ್ಲಿ ನೆಲೆಸಿರುವ ನಮ್ಮ ಜಮಖಂಡಿ, ಮುಧೋಳದ ಬಂಧುಗಳೇ ಹೇಳಬೇಕು.