ಸಂಜೆಯ ಅರ್ಧ ಬೆಲೆ

ಜಪಾನಿನಿಂದ ತಂದ ತಿನಿಸುಗಳನ್ನು ಹಂಚುತ್ತಿದ್ದಾಗ ಹೊಸದುರ್ಗದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಅಲ್ಲಿ ಎಲ್ಲವೂ ದುಬಾರಿಯಂತಲ್ಲ ಮೇಷ್ಟ್ರೇ, ಇಷ್ಟೆಲ್ಲ ಹೇಗೆ ಕೊಂಡಿರಿ?" ಎಂದು ಕೇಳಿದ. ಒಂದು ಮಾತಿನಲ್ಲಿ ಮುಗಿಯುವ ಉತ್ತರವಲ್ಲ ಅದು. ಅಲ್ಲಿಯ ಅಗ್ಗಕ್ಕೂ ಒಂದು ಇತಿಹಾಸವಿದೆ.

ನಮ್ಮ ಸೀಮೆಯವರಿಗೆ ಅಗ್ಗದ ವೇಳೆ ಯಾವುದೆಂದು ಹೇಳಿಕೊಡಬೇಕಿಲ್ಲ. ಹೊತ್ತು ಮುಳುಗುವಾಗ ಸಂತೆಯಲ್ಲಿ ಟೊಮೆಟೊ, ಬದನೆ ತೂಗುವುದು ನಿಂತು ಗುಡ್ಡೆಯ ಲೆಕ್ಕ ಆರಂಭವಾಗುತ್ತದೆ. ನಮ್ಮ ತಾಯಿ ಹೊಳಲ್ಕೆರೆಯ ಸಂತೆಗೆ ಮಧ್ಯಾಹ್ನ ಹೋದದ್ದನ್ನು ನಾನು ಕಂಡಿಲ್ಲ. ಜಪಾನಿನ ಸೂಪರ್ ಮಾರುಕಟ್ಟೆಗಳಲ್ಲಿಯೂ ಇದೇ ಕ್ರಮ. ಸಂಜೆಯಾದ ಮೇಲೆ ನೌಕರನೊಬ್ಬ ಚೀಟಿಗಳ ಸುರುಳಿ ಹಿಡಿದು ಬಂದು, ಅಂದಿನ ಊಟದ ಡಬ್ಬಿಗಳ ಮೇಲೆ ಮೊದಲು ಶೇ. 20ರ ಕಡಿತದ ಚೀಟಿಯನ್ನೂ, ಕೊನೆಗೆ ಅರ್ಧ ಬೆಲೆಯ 'ಹಾನ್‌ಗಾಕು' ಚೀಟಿಯನ್ನೂ ಅಂಟಿಸುತ್ತಾನೆ. ಚೌಕಾಸಿಯೊಂದಿಲ್ಲ, ಅಷ್ಟೆ. ಬುಟ್ಟಿ ಹಿಡಿದು ಕಾಯುತ್ತಿದ್ದ ವೃದ್ಧೆಯರ ಭಾಷೆ ಬಾರದಿದ್ದರೂ ಅವರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಯಿತು.

ಈ ಚೀಟಿ ಅಂಟಿಸುವ ಹಕ್ಕಿಗಾಗಿ ಅಲ್ಲಿ ಜಗಳವೇ ನಡೆದಿದೆ. ಸೆವೆನ್-ಇಲೆವೆನ್ ಜಪಾನ್ ಕಂಪನಿಯು ತನ್ನ ಹೆಸರಿನಲ್ಲಿ ಅಂಗಡಿ ನಡೆಸುವವರು ಅವಧಿ ಮುಗಿಯುತ್ತ ಬಂದ ಆಹಾರದ ಬೆಲೆ ಇಳಿಸದಂತೆ ತಡೆಯುತ್ತಿತ್ತು. ಉಳಿದ ಊಟ ಕಸಕ್ಕೆ, ನಷ್ಟ ಅಂಗಡಿಯವನಿಗೆ. 2009ರ ಜೂನ್‌ನಲ್ಲಿ ಅಲ್ಲಿಯ ವ್ಯಾಪಾರ ಆಯೋಗ ಇದನ್ನು ನಿಲ್ಲಿಸುವಂತೆ ಆಜ್ಞಾಪಿಸಿತು. 2019ರಲ್ಲಿ ಆಹಾರದ ಪೋಲು ತಗ್ಗಿಸುವ ಕಾನೂನೇ ಬಂತು.

ಪ್ರವಾಸಿಗರು ಮುಗಿಬೀಳುವ 'ಡಾನ್ ಕಿಹೋಟೆ' ಅಂಗಡಿಗಳ ಕಥೆ ಇನ್ನೂ ಸ್ವಾರಸ್ಯಕರ. ತಕಾವೊ ಯಾಸುದಾ ಎಂಬವರು 1978ರಲ್ಲಿ ಟೋಕಿಯೊದಲ್ಲಿ 'ಕಳ್ಳರ ಸಂತೆ' ಎಂಬ ಅರ್ಥದ ಹೆಸರಿಟ್ಟು ಒಂದು ಪುಟ್ಟ ಅಂಗಡಿ ತೆರೆದರು. ಬೇರೆಯವರಲ್ಲಿ ಉಳಿದುಹೋದ ಸರಕೇ ಬಂಡವಾಳ. ಸ್ಥಳವಿಲ್ಲದೆ ಸೂರಿನವರೆಗೆ ಪೇರಿಸಿ, ಕೈಬರಹದ ಚೀಟಿ ಅಂಟಿಸಿದರು. ರಾತ್ರಿ ಸರಕು ಜೋಡಿಸುವಾಗ ದೀಪ ಕಂಡು ಗಿರಾಕಿಗಳು ಒಳಬರತೊಡಗಿದರಂತೆ! 1989ರಲ್ಲಿ ಫುಚುವಿನಲ್ಲಿ ಆರಂಭವಾದ ಮೊದಲ ಡಾನ್ ಕಿಹೋಟೆ ಆ ಗೊಂದಲವನ್ನೂ ಆ ರಾತ್ರಿ ವ್ಯಾಪಾರವನ್ನೂ ಉಳಿಸಿಕೊಂಡಿತು. 2014ರ ಅಕ್ಟೋಬರಿನಲ್ಲಿ ಪ್ರವಾಸಿಗರ ತೆರಿಗೆ ವಿನಾಯಿತಿಯು ತಿಂಡಿ-ದಿನಸಿಗಳಿಗೂ ವಿಸ್ತರಿಸಿತು. ಆದರೆ ಅಗ್ಗವೆಲ್ಲ ಶಾಕಾಹಾರಿಗಳಿಗೆ ದಕ್ಕದು. ಎಲ್ಲಿ ಮೀನಿನ ಸಾರ ಅಡಗಿದೆಯೋ ತಿಳಿಯದು. ಹುರಿದ ಕಡಲೆಕಾಯಿಯೂ, ಕೆಂಪು ಕಾಳಿನ ಸಿಹಿ 'ಯೋಕನ್' ಕೂಡ ನಮ್ಮನ್ನು ಕಾಪಾಡಿದವು.

ಆ ರಾಶಿಯಲ್ಲಿ ಅಕ್ಕಿಯ ತಿನಿಸುಗಳಿಗೆ ಲೆಕ್ಕವಿಲ್ಲ. ಅಕ್ಕಿಯ ಬೆಲೆ ಮಾತ್ರ ಆ ದೇಶದಲ್ಲಿ ಎಂದೂ ಹಗುರವಾದ ವಿಷಯವಲ್ಲ. 1918ರ ಬೇಸಿಗೆಯಲ್ಲಿ ಬೆಲೆ ಏರಿದಾಗ ತೊಯಾಮಾ ಪ್ರಾಂತದ ಬೆಸ್ತರ ಹೆಂಗಸರು ಅಕ್ಕಿ ಹಡಗಿಗೇರದಂತೆ ತಡೆದು ನಿಂತರು. ಗಲಭೆ ದೇಶವಿಡೀ ಹಬ್ಬಿ ಪ್ರಧಾನಿ ತೆರಾವುಚಿ ಅಧಿಕಾರ ಬಿಟ್ಟರು. ನೂರೇಳು ವರ್ಷಗಳ ಬಳಿಕ, 2025ರಲ್ಲಿ, ಐದು ಕಿಲೋ ಅಕ್ಕಿ 4,000 ಯೆನ್ ದಾಟಿತು. ತಾನೆಂದೂ ಅಕ್ಕಿ ಕೊಂಡವನಲ್ಲ, ಬೆಂಬಲಿಗರೇ ಬೇಕಾದಷ್ಟು ಕೊಡುತ್ತಾರೆ ಎಂದ ಕೃಷಿ ಸಚಿವರು ಮೇ ತಿಂಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಸರ್ಕಾರ ತುರ್ತು ದಾಸ್ತಾನಿನ ಹಳೆಯ ಅಕ್ಕಿಯನ್ನು ಸುಮಾರು 2,000 ಯೆನ್‌ಗೆ ಅಂಗಡಿಗಳಲ್ಲಿ ಮಾರಿಸಿತು.

ನಾವು ಹೋಗಿದ್ದುದು ಅದೇ ಜೂನ್‌ನಲ್ಲಿ. ಬಾಗಿಲು ತೆರೆಯುವ ಮೊದಲೇ ಜನ ಸದ್ದಿಲ್ಲದೆ ಸಾಲುಗಟ್ಟಿದ್ದರು. 1965–66ರ ಬರದಲ್ಲಿ ಹಿರಿಯೂರಿನಲ್ಲಿ ಅಮೆರಿಕದ ಪಿ.ಎಲ್. 480 ಗೋಧಿಗಾಗಿ ಚೀಲ ಮಡಚಿ ಹಿಡಿದು ನಿಂತ ದಿನಗಳು ನೆನಪಾದವು. ಆ ಅಕ್ಕಿಯ ಸಾಲಿನಲ್ಲಿ ಪ್ರವಾಸಿಗರೊಬ್ಬರೂ ಇರಲಿಲ್ಲ.