ದೇಶದ ಬಂಡವಾಳ: ಪಾಠದಲ್ಲಿ ಬಿಟ್ಟುಹೋದ ಒಂದು ಲೆಕ್ಕ

ಪಂಚವಾರ್ಷಿಕ ಯೋಜನೆಗಳ ಪಾಠ ಬಂದಾಗಲೆಲ್ಲ ಇಸವಿಗಳನ್ನು ನಾನು ಬಾಯಿಪಾಠ ಮಾಡಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಬಂಡವಾಳವೆಂದರೇನು ಎಂದು ಕೇಳಿದರೆ, "ಬಿತ್ತನೆಗೆಂದು ಎತ್ತಿಟ್ಟ ಕಾಳು" ಎನ್ನುತ್ತಿದ್ದೆ. ಇಂದು ಉಣ್ಣದೆ ನಾಳೆಗಾಗಿ ಹೂಡಿದ್ದೇ ಬಂಡವಾಳ. ಆದರೆ ಆ ಕಾಳನ್ನು ಯಾರು, ಎಲ್ಲಿ ಬಿತ್ತುತ್ತಾರೆ ಎಂಬುದು ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶ ಹೂಡುತ್ತಿದ್ದುದು ರಾಷ್ಟ್ರೀಯ ಉತ್ಪನ್ನದ ಸುಮಾರು ಹತ್ತನೆಯ ಒಂದು ಪಾಲು. ಮೊದಲನೆಯ ಯೋಜನೆ (1951-56) ನೀರಾವರಿ, ಬೇಸಾಯಗಳಿಗೆ ಒತ್ತು ಕೊಟ್ಟಿತು. ಎರಡನೆಯದು (1956-61), ಮಹಾಲನೋಬಿಸರ ಚಿಂತನೆಯಂತೆ, ಭಾರೀ ಕೈಗಾರಿಕೆಗಳತ್ತ ತಿರುಗಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳಲ್ಲಿ ಸರ್ಕಾರದ ಉಕ್ಕಿನ ಕಾರ್ಖಾನೆಗಳು ಎದ್ದವು. 1962 ಮತ್ತು 1965ರ ಯುದ್ಧಗಳು, ಬೆನ್ನಲ್ಲೇ ಬಂದ ಬರಗಾಲ ಬೊಕ್ಕಸವನ್ನು ಬರಿದು ಮಾಡಿದವು. 1966ರಿಂದ 1969ರವರೆಗೆ ಪಂಚವಾರ್ಷಿಕ ಯೋಜನೆಗಳಿಗೇ ವಿರಾಮ ಬಿದ್ದಿತು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ಹಳ್ಳಿಗಳಿಗೂ ಶಾಖೆಗಳು ಬಂದು, ಜನಸಾಮಾನ್ಯರ ಉಳಿತಾಯವೂ ಈ ಹೂಡಿಕೆಗೆ ಸೇರಿತು. 1991ರ ನಂತರ ಖಾಸಗಿಯವರ ಕೈ ಮೇಲಾಯಿತು. 2007-08ರ ವೇಳೆಗೆ ಒಟ್ಟು ಹೂಡಿಕೆ ಉತ್ಪನ್ನದ ಶೇಕಡಾ 35ನ್ನು ಮೀರಿತ್ತು. ಮುಂದಿನ ದಶಕದಲ್ಲಿ ಸಾಲದ ಹೊರೆ ಹೊತ್ತ ಕಂಪನಿಗಳೂ, ಸಾಲ ವಸೂಲಾಗದ ಬ್ಯಾಂಕುಗಳೂ ಹಿಂಜರಿದವು. ಆಗ ಸರ್ಕಾರವೇ ಮತ್ತೆ ಮುಂದೆ ಬರಬೇಕಾಯಿತು. 2023-24ರ ಕೇಂದ್ರ ಬಜೆಟ್ಟಿನಲ್ಲಿ ಬಂಡವಾಳ ವೆಚ್ಚಕ್ಕೆ 10 ಲಕ್ಷ ಕೋಟಿ ರೂಪಾಯಿ ತೆಗೆದಿಡಲಾಯಿತು. ಅದರಲ್ಲಿ ದೊಡ್ಡ ಪಾಲು ರಸ್ತೆ, ರೈಲುಗಳದ್ದು.

ಈ ಪಾಠದ ನಡುವೆ ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮಜ್ಜನ ಗದ್ದೆ ಲಿಂಗನಮಕ್ಕಿ ನೀರಲ್ಲಿದೆ. ಅದೂ ಬಂಡವಾಳವೇ?" ಎಂದು ಕೇಳಿದ. 1964ರಲ್ಲಿ ಮುಗಿದ ಆ ಅಣೆಕಟ್ಟು ರಾಜ್ಯಕ್ಕೆ ಬೆಳಕು ಕೊಟ್ಟಿತು. ಅದಕ್ಕಾಗಿ ಮನೆ, ಗದ್ದೆ ಬಿಟ್ಟೆದ್ದ ಶರಾವತಿ ಕಣಿವೆಯ ಅನೇಕ ಕುಟುಂಬಗಳು ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದವು. ಇದು ತಿಳಿದಿದ್ದೂ ನಾನು, "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದುಬಿಟ್ಟೆ.

ಅಣೆಕಟ್ಟಿಗೆ ತಗುಲಿದ ವೆಚ್ಚ ದೇಶದ ಹೂಡಿಕೆಯ ಲೆಕ್ಕಕ್ಕೆ ಸೇರುತ್ತದೆ; ಮುಳುಗಿದ ಗದ್ದೆ ಸೇರುವುದಿಲ್ಲ. ಎತ್ತಿಟ್ಟ ಕಾಳಿನ ಮಾತು ಹೇಳುತ್ತಿದ್ದ ನಾನು, ಅದು ಯಾರ ಕಣಜದಿಂದ ಬಂತೆಂದು ಒಮ್ಮೆಯೂ ಹೇಳಲಿಲ್ಲ. ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ತಡವಾಗಿಯಾದರೂ ನನ್ನ ಉತ್ತರವಿದು: ಹೌದು ಮಗೂ, ಅದೂ ಬಂಡವಾಳವೇ. ಅಂದು ನಾನದನ್ನು ಹೇಳಬೇಕಿತ್ತು.