ಪರದೆ ಬಿದ್ದ ಮೇಲಿನ ಕಿತ್ತೂರು

ಶಾಲೆ ಗ್ಯಾದರಿಂಗ್‌ನಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ನೋಡಿದ್ರೆ ನಿಮಗೂ ಗೊತ್ತು: ಅಮಟೂರು ಬಾಳಪ್ಪನ ಗುಂಡಿಗೆ ಕಲೆಕ್ಟರ್ ಥ್ಯಾಕರೆ ಬೀಳ್ತಾನೆ, ಚಪ್ಪಾಳೆ, ಪರದೆ. ಅದು 1824ರ ಅಕ್ಟೋಬರ್ 23. ಬಾಳಪ್ಪನಾಗಿದ್ದವನು ನಾನೇ. ಕಂಪನಿ ಸರ್ಕಾರ ಅಲ್ಲಿಗೇ ಓಡಿಹೋಯ್ತು ಅಂತ ನಂಬಿದ್ದೆ.

ಆಮೇಲೊಮ್ಮೆ ಬೈಲಹೊಂಗಲದಲ್ಲಿ ರಾಣಿಯ ಸಮಾಧಿ ಕಂಡೆ. ಕಿತ್ತೂರಿನ ರಾಣಿ ಇಲ್ಯಾಕೆ? ಅಪ್ಪ ಹೇಳಿದ್ರು: ಗೆಲುವು ಉಳಿದದ್ದು ಆರೇ ವಾರ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ದತ್ತುಮಗನಿಗೆ ಪಟ್ಟ ಸಿಗಲೇ ಇಲ್ಲ. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗೇ ಇದ್ದು, 1829ರ ಫೆಬ್ರುವರಿಯಲ್ಲಿ ತೀರಿಕೊಂಡ್ರು.

ನಾಲ್ಕು ವರ್ಷದ ಸೆರೆ! ನಾಟಕದಲ್ಲಿ ಅದಕ್ಕೊಂದು ದೃಶ್ಯವೂ ಇರಲಿಲ್ಲ. ಕಲಿಸಿದ ಮಾಸ್ತರ್ ಮೇಲೆ ವಿಪರೀತ ಸಿಟ್ಟು ಬಂತು. ಪಾಪ, ನಾಟಕ ಎಲ್ಲೋ ಒಂದ್ಕಡೆ ಮುಗೀಬೇಕಲ್ಲ.

ಮರುವರ್ಷವೂ ಬಾಳಪ್ಪನ ಪಾತ್ರ ನನಗೇ ಬಂತು. ಮಾಡಿದೆ. ಥ್ಯಾಕರೆ ಬಿದ್ದಾಗ ಮಾತ್ರ ಮೊದಲಿನಷ್ಟು ಜೋರಾಗಿ ಕೂಗಲಿಲ್ಲ.